ಕಂಬಿಯೊಳಗಿನ ಉಕ್ಕು

ಬೀದರದಿಂದ ಪರಳಿಯತ್ತ ಹೊರಟ ರೈಲುಗಾಡಿ ಭಾಲ್ಕಿಯನ್ನು ಮುಟ್ಟುವ ಮೊದಲು ಹಲಬರ್ಗಾ ನಿಲ್ದಾಣವನ್ನು ಹಾಯುತ್ತದೆ. ಎರಡೂ ಕಡೆ ಎರೆಹೊಲ, ನಡುವೆ ಬಿಸಿಲಿಗೆ ಥಳಥಳಿಸುವ ಎರಡು ಕಂಬಿಗಳು. ಕಿಟಕಿಯ ಬಳಿ ಕುಳಿತ ಪ್ರಯಾಣಿಕನು ಹೊಲವನ್ನು ನೋಡುತ್ತಾನೆ, ಮುಗಿಲನ್ನು ನೋಡುತ್ತಾನೆ; ತನ್ನ ಪ್ರಾಣವನ್ನು ಹೊತ್ತಿರುವ ಕಂಬಿಯನ್ನು ಮಾತ್ರ ನೋಡುವುದಿಲ್ಲ. ತುಂಬಿದ ಸರಕು ಗಾಡಿಯ ಒಂದೊಂದು ಗಾಲಿಯ ಮೇಲೂ ಹತ್ತು ಟನ್ನಿಗೆ ಮಿಕ್ಕ ಭಾರವಿರುತ್ತದೆ. ಆ ಭಾರವೆಲ್ಲ ಕಂಬಿಗೆ ತಗಲುವುದು ಚಿಕ್ಕದೊಂದು ನಾಣ್ಯದಷ್ಟು ಜಾಗದಲ್ಲಿ! ಇಂತಹ ಒತ್ತಡವನ್ನು ಹಗಲಿರುಳು ತಾಳಬಲ್ಲ ಲೋಹವಾದರೂ ಎಂತಹದು?

ಕಬ್ಬಿಣದಿಂದ ಉಕ್ಕಿಗೆ

ಮೊದಮೊದಲು ಕಂಬಿಗಳನ್ನು ಬೀಡು ಕಬ್ಬಿಣದಿಂದಲೂ ಆಮೇಲೆ ಮೆದು ಕಬ್ಬಿಣದಿಂದಲೂ ಮಾಡುತ್ತಿದ್ದರು. ಮೊದಲಿನದು ಪೆಟ್ಟಿಗೆ ಒಡೆಯುತ್ತಿತ್ತು. ಎರಡನೆಯದು ಬೇಗ ಸವೆಯುತ್ತಿತ್ತು. ಇಂಗ್ಲೆಂಡಿನ ಡರ್ಬಿ ನಿಲ್ದಾಣದ ಒಂದು ಕಡೆಯಲ್ಲಂತೂ ಕೆಲವೇ ತಿಂಗಳಿಗೊಮ್ಮೆ ಕಂಬಿ ಬದಲಿಸಬೇಕಾಗುತ್ತಿತ್ತು. 1857ರಲ್ಲಿ ಅಲ್ಲಿ ಉಕ್ಕಿನ ಕಂಬಿಯನ್ನು ಹಾಸಿ ನೋಡಿದರು. ಅದು ಹದಿನಾರು ವರ್ಷ ಬಾಳಿತು. ಅಂದಿನಿಂದ ರೈಲುದಾರಿಯು ಉಕ್ಕಿನ ದಾರಿಯಾಯಿತು.

ಉಕ್ಕೆಂದರೆ ಕಬ್ಬಿಣದೊಡನೆ ಬೆರೆತ ಅಲ್ಪ ಇಂಗಾಲ. ಭಾರತದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ‘880’ ದರ್ಜೆಯ ಕಂಬಿಯಲ್ಲಿ ಶೇಕಡಾ 0.60ರಿಂದ 0.80ರಷ್ಟು ಇಂಗಾಲವೂ, 0.80ರಿಂದ 1.30ರಷ್ಟು ಮ್ಯಾಂಗನೀಸೂ ಇರುತ್ತವೆ. ಇಂಗಾಲವು ಗಡಸುತನವನ್ನು ಕೊಡುತ್ತದೆ; ಅತಿಯಾದರೆ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ಮ್ಯಾಂಗನೀಸು ಬಲದೊಡನೆ ತಾಳಿಕೆಯನ್ನೂ ಕೊಡುತ್ತದೆ. ಗಂಧಕ ಮತ್ತು ರಂಜಕಗಳು ಉಕ್ಕಿನ ಹಗೆಗಳು. ಅವುಗಳನ್ನು ಆದಷ್ಟೂ ಹೊರಹಾಕಬೇಕು. 880 ಎಂಬ ಸಂಖ್ಯೆಯು ಒಂದು ಚದರ ಮಿಲಿಮೀಟರ್ ಉಕ್ಕು ತುಂಡಾಗದೆ ಎಷ್ಟು ನ್ಯೂಟನ್ ಎಳೆತವನ್ನು ತಡೆಯಬೇಕೆಂಬುದನ್ನು ಸೂಚಿಸುತ್ತದೆ. ಇದರ ಹಿಂದಿನ ದರ್ಜೆಯು 710 ಆಗಿತ್ತು.

ಸೂಕ್ಷ್ಮದರ್ಶಕದಲ್ಲಿ ಈ ಉಕ್ಕು ಪದರುಪದರಾಗಿ ಕಾಣುತ್ತದೆ: ಒಂದು ಮೆದು ಪದರು, ಒಂದು ಗಡಸು ಪದರು. ಪದರುಗಳು ತೆಳುವಾದಷ್ಟೂ ಉಕ್ಕು ಬಲಿಯುತ್ತದೆ. ಆದುದರಿಂದ ಗಾಲಿಗಳು ಹೆಚ್ಚಾಗಿ ಉಜ್ಜುವ ತಿರುವುಗಳಿಗಾಗಿ ಕಂಬಿಯ ತಲೆಯನ್ನು ಮಾತ್ರ ಬೇಗನೆ ತಣಿಸಿ, ತಲೆ ಬಲಿಸಿದ ಕಂಬಿಗಳನ್ನು ತಯಾರಿಸುತ್ತಾರೆ. ಗಾಲಿಗಳು ಕೂಡುದಾರಿಯನ್ನು ದಾಟುವೆಡೆ ಪೆಟ್ಟು ಇನ್ನೂ ಜೋರು. ಅಲ್ಲಿ ಬಳಸುವುದು ಶೇಕಡಾ ಹನ್ನೆರಡಕ್ಕೂ ಮಿಕ್ಕ ಮ್ಯಾಂಗನೀಸುಳ್ಳ ಎರಕದ ಉಕ್ಕು. 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಎಂಬಾತ ಕಂಡುಹಿಡಿದ ಈ ಉಕ್ಕಿನ ಗುಣವೇ ವಿಚಿತ್ರ. ಪೆಟ್ಟು ತಿಂದಷ್ಟೂ ಇದರ ಮೈ ಗಟ್ಟಿಯಾಗುತ್ತದೆ!

ಒಳಗಿನ ಹಗೆ

ಹೊರಗೆ ನಿರ್ಮಲವಾಗಿ ಕಾಣುವ ಕಂಬಿಯೂ ಒಳಗೆ ಬಿರಿದಿರಬಹುದು. 1911ರಲ್ಲಿ ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಮ್ಯಾಂಚೆಸ್ಟರ್ ಬಳಿ ಕಂಬಿ ಮುರಿದು 29 ಮಂದಿ ಮಡಿದರು. ತಜ್ಞರು ಮುರಿದ ತುಂಡುಗಳನ್ನು ಪರೀಕ್ಷಿಸಿದಾಗ, ಬಿರುಕು ಕಂಬಿಯ ತಲೆಯೊಳಗೇ ಹುಟ್ಟಿ ಬೆಳೆದಿದ್ದುದು ಕಂಡುಬಂದಿತು. ಇಂತಹ ಬಿರುಕುಗಳಿಗೆ ಕರಗಿದ ಉಕ್ಕಿನಲ್ಲಿ ಸೇರಿಕೊಂಡ ಜಲಜನಕವು ಮುಖ್ಯ ಕಾರಣವೆಂದು ಮುಂದೆ ತಿಳಿಯಿತು. ಈಗ ನಿರ್ವಾತದಲ್ಲಿ ಜಲಜನಕವನ್ನು ಹೀರಿ ತೆಗೆಯುತ್ತಾರೆ. ಭಾರತದ ನಿಯಮದಂತೆ ಹತ್ತು ಲಕ್ಷ ಪಾಲು ದ್ರವ ಉಕ್ಕಿನಲ್ಲಿ ಅದು 1.6 ಪಾಲನ್ನು ಮೀರಬಾರದು.

ಮುರಿದ ಕಂಬಿಯ ಬೆಲೆ ಎಷ್ಟೆಂಬುದನ್ನು ನಮ್ಮ ದೇಶವೂ ಕಂಡಿದೆ. 1998ರ ನವೆಂಬರ್ 26ರಂದು ಪಂಜಾಬಿನ ಖನ್ನಾ ಬಳಿ ಕಂಬಿ ಮುರಿದು ಫ್ರಾಂಟಿಯರ್ ಮೇಲ್ ಹಳಿ ತಪ್ಪಿತು. ಎದುರಿನಿಂದ ಬಂದ ಸಿಯಾಲ್ದಾ ಎಕ್ಸ್‌ಪ್ರೆಸ್ ಅದರ ಬೋಗಿಗಳಿಗೆ ಬಡಿಯಿತು. 200ಕ್ಕೂ ಹೆಚ್ಚು ಜನ ಅಸುನೀಗಿದರು.

ಬಿಸಿಲಿನ ಬಲ

ಬೀದರ ಸೀಮೆಯ ಬೇಸಿಗೆಯನ್ನು ಬಲ್ಲವರಿಗೆ ಕಂಬಿಯ ಇನ್ನೊಂದು ಕಷ್ಟವು ತಿಳಿದೀತು. ಬಿಸಿಲಿನಲ್ಲಿ ಕಂಬಿಯು ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ತಡೆಯಿಲ್ಲದಿದ್ದರೆ ಒಂದು ಕಿಲೋಮೀಟರ್ ಉದ್ದದ ಕಂಬಿಯು 40 ಡಿಗ್ರಿ ಬಿಸಿಯೇರಿದಾಗ ಸುಮಾರು 46 ಸೆಂಟಿಮೀಟರ್ ಬೆಳೆಯುತ್ತದೆ. ಅದಕ್ಕೆಂದೇ ಹಿಂದೆ ಕಂಬಿಗಳ ನಡುವೆ ಸಂದು ಬಿಡುತ್ತಿದ್ದರು. ಗಾಡಿಯ ‘ಟಕ್ ಟಕ್’ ನಾದವು ಆ ಸಂದುಗಳದೇ. ಈಗ ಅಲ್ಯೂಮಿನಿಯಂ ಪುಡಿ ಮತ್ತು ಕಬ್ಬಿಣದ ಆಕ್ಸೈಡುಗಳನ್ನು ಉರಿಸಿ, ಕರಗಿದ ಉಕ್ಕನ್ನು ಸಂದಿಗೆ ಎರೆದು ಉದ್ದವಾಗಿ ಬೆಸೆಯುತ್ತಾರೆ. ಬೆಳೆಯಲು ಎಡೆಯಿಲ್ಲದ ಆ ಕಂಬಿಯೊಳಗೆ ಒತ್ತಡವು ಕೂಡುತ್ತದೆ: ಮೀಟರಿಗೆ 60 ಕಿಲೋ ತೂಗುವ ಕಂಬಿಯಲ್ಲಿ ಪ್ರತಿ ಡಿಗ್ರಿಗೂ ಸುಮಾರು ಎರಡು ಟನ್! ಅದನ್ನು ಹಿಡಿದಿಡುವವು ಅಡ್ಡದಿಮ್ಮಿಗಳು ಮತ್ತು ಜಲ್ಲಿ. ಅವು ಸಡಿಲಿದರೆ ಬಿಸಿಲಲ್ಲಿ ಕಂಬಿಯು ಹಾವಿನಂತೆ ಡೊಂಕಾಗುವುದು. ಚಳಿಯಲ್ಲಿ ಕುಗ್ಗಿ ಎಳೆಯುವಾಗ ಬೆಸುಗೆಯ ಸಣ್ಣ ಲೋಪವೂ ಬಿರಿಯುವುದು.

ಛತ್ತೀಸಗಢದ ಭಿಲಾಯಿ ಕಾರ್ಖಾನೆಯು 1960ರಿಂದ ದೇಶಕ್ಕೆ ಕಂಬಿಗಳನ್ನು ಒದಗಿಸುತ್ತ ಬಂದಿದೆ. ಅವುಗಳ ಮೇಲುರುಳುವ ಗಾಲಿಗಳಲ್ಲಿ ಅನೇಕವು ನಮ್ಮ ಯಲಹಂಕದಲ್ಲಿ ಎರಕಗೊಂಡವು. ಆದರೆ ಎಷ್ಟೇ ಉತ್ತಮ ಉಕ್ಕಾದರೂ ದಣಿಯದಿರದು. ಆದುದರಿಂದ ಶ್ರವಣಾತೀತ ಧ್ವನಿಯ ಯಂತ್ರಗಳಿಂದ ಅದರ ಒಡಲನ್ನು ಶೋಧಿಸುತ್ತಾರೆ. ಅಷ್ಟೇ ಅಲ್ಲದೆ, ಹೆಗಲ ಮೇಲೆ ಸುತ್ತಿಗೆಯನ್ನು ಹೊತ್ತ ಕೀಮನ್ ದಿನವೂ ತನ್ನ ಪಾಲಿನ ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡಿ ಬರುತ್ತಾನೆ. ಗಾಡಿಯೊಳಗೆ ನಿದ್ರಿಸುವ ನೂರಾರು ಜನರ ಕ್ಷೇಮವು ಆ ಉಕ್ಕಿನ ಹದವನ್ನೂ ಈತನ ಕಣ್ಣನ್ನೂ ಒಂದೇ ಸಮನಾಗಿ ನೆಚ್ಚಿಕೊಂಡಿದೆ.