ಬಾಯಾರಿಕೆಯ ಊರಲ್ಲಿ ಬಡ್ತಿಯ ಲೆಕ್ಕ

ಬೇಸಿಗೆ ರಜೆಗೆ ಊರಿಗೆ ಬಾರದವನು ಎಂದೇ ಹಾಸನದ ನಮ್ಮ ನೆಂಟರಲ್ಲಿ ನನಗೆ ಹೆಸರು. ಏನು ಮಾಡುವುದು, ನನ್ನ ಹೊಟ್ಟೆಪಾಡು ಇರುವುದೇ ಜನರ ಬಾಯಾರಿಕೆಯಲ್ಲಿ. ತಂಪು ಪಾನೀಯದ ಮಾರಾಟ ವಿಭಾಗದಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ರಜೆ ಕೇಳುವುದೆಂದರೆ, ದೀಪಾವಳಿ ವಾರದಲ್ಲಿ ಪಟಾಕಿ ಅಂಗಡಿಗೆ ಬೀಗ ಹಾಕಿದಂತೆ. ವಿಶಾಖಪಟ್ಟಣದಲ್ಲಿ ಎಂಟು ವರ್ಷ, ವಿಜಯವಾಡದಲ್ಲಿ ಆರು ವರ್ಷ ಕಳೆದಿದ್ದೇನೆ. ಅಮ್ಮನ ಕೈಯಿಂದ ಯುಗಾದಿಯ ಬೇವು–ಬೆಲ್ಲ ತಿಂದು ಹದಿನಾಲ್ಕು ವರ್ಷವಾಯಿತು.

ಅಕ್ಕನ ಮಗ ಈಗಷ್ಟೇ ಎಂಬಿಎ ಮುಗಿಸಿದ್ದಾನೆ. ‘ಮಾವ, ನಿಮ್ಮ ಲೈನಿಗೆ ಬಂದರೆ ಎಷ್ಟು ವರ್ಷಕ್ಕೆ ಮ್ಯಾನೇಜರ್ ಆಗಬಹುದು?’ ಎಂದು ಕೇಳಿದ. ಫೋನಿನಲ್ಲಿ ಹೇಳಿ ಮುಗಿಯದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಹುಡುಗರು ಇರಬಹುದು.

ಮೊದಲು ತಿಳಿಯಬೇಕಾದದ್ದು, ಬಾಟಲಿಯ ಮೇಲೆ ಒಂದೇ ಹೆಸರಿದ್ದರೂ ಒಳಗೆ ಎರಡು ಮನೆಗಳಿವೆ. ಬ್ರ್ಯಾಂಡಿನ ಒಡೆಯರು ಪಾನೀಯದ ಸಾರ ಮತ್ತು ಜಾಹೀರಾತು ನೋಡಿಕೊಳ್ಳುತ್ತಾರೆ. ನೀರು, ಸಕ್ಕರೆ, ಗ್ಯಾಸ್ ಸೇರಿಸಿ, ಬಾಟಲಿ ತುಂಬಿ, ಲಾರಿ ಹತ್ತಿಸಿ, ಅಂಗಡಿ ಮುಟ್ಟಿಸುವವರು ಬಾಟ್ಲರ್‌ಗಳು. ಹೆಚ್ಚಿನ ಉದ್ಯೋಗ ಇರುವುದು ಈ ಎರಡನೇ ಮನೆಯಲ್ಲಿ. ಆ ಮನೆಯ ಯಜಮಾನಿಕೆ ಬದಲಾಗುತ್ತಲೇ ಇರುತ್ತದೆ. 2019ರಲ್ಲಿ ದಕ್ಷಿಣ ಮತ್ತು ಪಶ್ಚಿಮ ಭಾರತದ ಪೆಪ್ಸಿ ಬಾಟ್ಲಿಂಗ್ ವ್ಯವಹಾರ ವರುಣ್ ಬೆವರೇಜಸ್ ಪಾಲಾಯಿತು. ಅಂಗಡಿ ಅದೇ, ಕೆಲಸ ಅದೇ, ಎದೆಯ ಮೇಲಿನ ಬ್ಯಾಡ್ಜ್ ಮಾತ್ರ ಬೇರೆ. ಈ ಉದ್ಯಮಕ್ಕೆ ಬರುವವರು ಒಂದೇ ಕಂಪನಿಯ ಹೆಸರಿನಲ್ಲಿ ನಿವೃತ್ತರಾಗುವ ಕನಸು ಕಾಣಬಾರದು.

ಒಳಗೆ ಹೋಗಲು ಮೂರು ಬಾಗಿಲು. ಒಂದು ಕಾರ್ಖಾನೆ: ಎಂಜಿನಿಯರ್‌ಗಳು, ಆಹಾರ ತಂತ್ರಜ್ಞಾನ ಓದಿದವರು. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಓದಿದವರಿಗೆ ಈ ಬಾಗಿಲಲ್ಲಿ ವಿಶೇಷ ಗೌರವ. ಎರಡನೆಯದು ಖರೀದಿ ಮತ್ತು ಸಾಗಣೆ. ನಮ್ಮ ಶ್ರೀನಿವಾಸಪುರದ ತೋತಾಪುರಿಯನ್ನು ಆಂಧ್ರದವರು ‘ಕಲೆಕ್ಟರ್’ ಎನ್ನುತ್ತಾರೆ. ಮಾವಿನ ಪಾನೀಯದ ತಿರುಳಿಗೆ ಹೆಚ್ಚಾಗಿ ಬೇಕಾದದ್ದು ಅದೇ ಹಣ್ಣು. ಅದರ ಬೆಲೆ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಮೂಸಿ ನೋಡಿ ಹೇಳುವವನಿಗೆ ಬೇಡಿಕೆ ಇದ್ದೇ ಇದೆ. ಮೂರನೆಯದು ಮಾರಾಟ. ಅತಿ ಅಗಲದ ಬಾಗಿಲು ಇದು, ಹೆಚ್ಚು ಜನ ಹೊರಬೀಳುವುದೂ ಇದರಿಂದಲೇ.

ನಾನು ಬಂದದ್ದು ಮೂರನೇ ಬಾಗಿಲಿನಿಂದ. ಗಾಜುವಾಕದಿಂದ ಅನಕಾಪಲ್ಲಿವರೆಗೆ ಬೈಕಿನಲ್ಲಿ ದಿನಕ್ಕೆ ನಲವತ್ತು ಅಂಗಡಿ. ಲಿಪಿ ಹತ್ತಿರವಿದ್ದುದರಿಂದ ಬೋರ್ಡು ಓದಲು ಕಷ್ಟವಾಗಲಿಲ್ಲ, ಮಾತು ಕಲಿಯಲು ಆರು ತಿಂಗಳು ಹಿಡಿಯಿತು. ಮೊದಲ ವಾರವೇ ಒಬ್ಬ ಅಂಗಡಿಯವರು ‘ಅಪ್ಪು’ ಎಂದಾಗ, ನಮ್ಮ ಪುನೀತ್ ಇವರಿಗೂ ಪರಿಚಯವೇ ಎಂದು ಹಿಗ್ಗಿದೆ. ತೆಲುಗಿನಲ್ಲಿ ಅಪ್ಪು ಎಂದರೆ ಸಾಲ! ‘ಚೂದ್ದಾಂ’ ಅಂದರೆ ‘ನೋಡೋಣ’ ಎಂದು ನಿಘಂಟು ಹೇಳುತ್ತದೆ. ಅಂಗಡಿಯಲ್ಲಿ ಅದರ ಅರ್ಥ ‘ಇವತ್ತು ಬೇಡ’.

ಸೇಲ್ಸ್ ಎಕ್ಸಿಕ್ಯುಟಿವ್ ಎಂಬ ಹುದ್ದೆಯ ಹೆಸರಿನಲ್ಲಿ ಕೋಟು–ಟೈ ಇದೆ. ಕೆಲಸದಲ್ಲಿ ಇರುವುದು ಧೂಳು. ಕಂಪನಿ ಕೊಟ್ಟ ಫ್ರಿಜ್‌ನಲ್ಲಿ ಬೇರೆಯವರ ಬಾಟಲಿ ಇದೆಯೇ, ಖಾಲಿ ಗಾಜಿನ ಬಾಟಲಿ ವಾಪಸಾಯಿತೇ, ವಿತರಕನ ಗೋದಾಮಿನಲ್ಲಿ ಅವಧಿ ಮೀರುತ್ತಿರುವ ಸರಕೆಷ್ಟು, ಅವನು ಹಾಕಿದ ಬಂಡವಾಳಕ್ಕೆ ಬಡ್ಡಿಯಾದರೂ ಹುಟ್ಟುತ್ತಿದೆಯೇ. ಈ ನಾಲ್ಕು ಪ್ರಶ್ನೆಗೆ ಉತ್ತರ ಗೊತ್ತಿರುವವನು ಮುಂದೆ ಏರಿಯಾ ಮ್ಯಾನೇಜರ್ ಆಗುತ್ತಾನೆ.

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಬಡಿದಾಗ ನನ್ನ ಕೆಲಸದ ಅರ್ಥ ತಿರುವುಮುರುವಾಯಿತು. ಕರೆಂಟ್ ಇಲ್ಲ, ನಲ್ಲಿಯಲ್ಲಿ ನೀರಿಲ್ಲ, ಹಾಲಿಲ್ಲ. ಬಣ್ಣದ ಬಾಟಲಿ ಯಾರಿಗೂ ಬೇಡ, ಎಲ್ಲರೂ ಕೇಳುತ್ತಿದ್ದುದು ಕುಡಿಯುವ ನೀರು. ಉರುಳಿದ ಮರಗಳ ನಡುವೆ ನೀರಿನ ಪೆಟ್ಟಿಗೆಗಳಿದ್ದ ಲಾರಿಗೆ ದಾರಿ ಮಾಡಿಕೊಟ್ಟವರು ನಮ್ಮ ಅಂಗಡಿಯವರೇ. ಯಾವ ಬೀದಿಯಲ್ಲಿ ಯಾರಿದ್ದಾರೆ, ಯಾರ ಗೋದಾಮಿಗೆ ನೀರು ನುಗ್ಗಿಲ್ಲ ಎಂಬುದು ಕಂಪ್ಯೂಟರಿನಲ್ಲಿ ಇರಲಿಲ್ಲ, ಬೈಕಿನಲ್ಲಿ ಅಲೆದವರ ತಲೆಯಲ್ಲಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರ ಮುಳುಗಿದಾಗಲೂ ಇದೇ ಪಾಠ.

ವಿಜಯವಾಡದ ಆಟ ಬೇರೆ. ಹಳಬರು ಬೆಜವಾಡ ಎನ್ನುವ ಈ ಊರಿನ ಬಿಸಿಲು ನಮ್ಮ ಪಾಲಿನ ಬೋನಸ್. 1977ರಲ್ಲಿ ಕೋಕಾ–ಕೋಲಾ ದೇಶ ಬಿಟ್ಟಾಗ ಹುಟ್ಟಿದ ಥಮ್ಸ್ ಅಪ್, 1993ರಲ್ಲಿ ಅದೇ ಕೋಕಾ–ಕೋಲಾ ಕೈ ಸೇರಿದರೂ ಆಂಧ್ರದ ಜನ ಅದನ್ನು ಕೈಬಿಡಲಿಲ್ಲ. ಹಾಗೆಂದು ಯಾರೂ ನಿಶ್ಚಿಂತರಲ್ಲ. ರಿಲಯನ್ಸ್ 2023ರಲ್ಲಿ ಹಳೆಯ ಕ್ಯಾಂಪಾವನ್ನು ಮರಳಿ ತಂದಾಗ ಮೊದಲು ಇಳಿಸಿದ್ದು ಆಂಧ್ರ, ತೆಲಂಗಾಣದಲ್ಲೇ. 200 ಎಂಎಲ್ ಬಾಟಲಿಗೆ 10 ರೂಪಾಯಿ. ಬೆಸೆಂಟ್ ರಸ್ತೆಯ ಅಂಗಡಿಯವರು ನಮ್ಮನ್ನು ನೋಡಿ ನಗತೊಡಗಿದರು. ಚೌಕಾಸಿ ಮಾಡುವ ಬಲ ಅವರ ಕೈಗೆ ಬಂದಿತ್ತು.

ಎತ್ತರಕ್ಕೆ ಹೋದವರ ದಾರಿ ಒಂದೇ ಥರ ಇಲ್ಲ. ಚೆನ್ನೈನ ಇಂದ್ರಾ ನೂಯಿ 1994ರಲ್ಲಿ ಪೆಪ್ಸಿಕೋ ಸೇರಿದ್ದು ಕಾರ್ಯತಂತ್ರ ರೂಪಿಸುವ ಮುಖ್ಯಸ್ಥರಾಗಿ. 2000ರಲ್ಲಿ ಹಣಕಾಸು ಮುಖ್ಯಸ್ಥೆ, 2006ರಲ್ಲಿ ಸಿಇಒ. ನಮ್ಮ ಪುತ್ತೂರಿನ ಸತ್ಯಶಂಕರ್ ಒಂದು ಕಾಲಕ್ಕೆ ಆಟೊ ಓಡಿಸುತ್ತಿದ್ದವರು. 2000ರಲ್ಲಿ ಬಿಂದು ನೀರು, ಆಮೇಲೆ ಜೀರಾ ಪಾನೀಯ ತಂದು ಸ್ವಂತ ಉದ್ಯಮ ಕಟ್ಟಿದರು. ಬೋರ್ಡ್‌ರೂಮಿನಿಂದ ಬಂದವರೂ ಇದ್ದಾರೆ, ಬೀದಿಯಿಂದ ಬಂದವರೂ ಇದ್ದಾರೆ. ಇವರಿಬ್ಬರ ನಡುವಿನವರು ನಾವು, ಸಾವಿರಾರು ಮಂದಿ. ನಮ್ಮ ಕಥೆಯನ್ನು ಯಾರೂ ಪುಸ್ತಕ ಮಾಡುವುದಿಲ್ಲ.

ಈಗ ನನ್ನ ಆತಂಕ ಬೇರೆ. ಅಂಗಡಿಯವರು ಮೊಬೈಲ್ ಆ್ಯಪಿನಲ್ಲೇ ಆರ್ಡರ್ ಹಾಕುತ್ತಿದ್ದಾರೆ. ಒಳ್ಳೆಯದೇ. ಆದರೆ ಏಣಿಯ ಕೆಳಗಿನ ಮೆಟ್ಟಿಲು ಸವೆಯುತ್ತಿದೆ. ನೇರ ಕಚೇರಿಗೆ ಬಂದ ಹುಡುಗರಿಗೆ ಅಂಕಿ ಗೊತ್ತು, ಅಂಗಡಿ ಗೊತ್ತಿಲ್ಲ. ಮಳೆಯ ಮೊದಲ ವಾರ ಮಾರಾಟ ಅರ್ಧಕ್ಕೆ ಇಳಿದಾಗ ಅವರು ಅಂಗಡಿಗೆ ಹೋಗುವ ಬದಲು ಸಾಫ್ಟ್‌ವೇರನ್ನು ಶಂಕಿಸುತ್ತಾರೆ.

ಕಳೆದ ಜನವರಿಯಲ್ಲಿ ನನಗೆ ಗುರುಗ್ರಾಮಕ್ಕೆ ಬಡ್ತಿಯ ಕರೆ ಬಂತು. ಸಂಬಳ ಹೆಚ್ಚು, ಕೆಳಗೆ ದೊಡ್ಡ ತಂಡ. ಮಗಳು ಹತ್ತನೇ ತರಗತಿ. ಅಮ್ಮನಿಗೆ ಎಪ್ಪತ್ತಾರು, ಒಬ್ಬರೇ ಇದ್ದಾರೆ. ವಿಜಯವಾಡದಲ್ಲಿ ಸಂಜೆ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವ ಹೊತ್ತಿಗೆ ಬೆಂಗಳೂರಿನ ದಾರಿಯಲ್ಲಿರುತ್ತೇನೆ; ಗುರುಗ್ರಾಮದಿಂದ ಆ ಸಲಿಗೆ ಇಲ್ಲ. ಹೆಂಡತಿಯೊಂದಿಗೆ ಮೂರು ರಾತ್ರಿ ಮಾತಾಡಿ, ಬೇಡ ಎಂದು ಬರೆದೆ. ಒಮ್ಮೆ ಬೇಡ ಎಂದವರನ್ನು ಎರಡನೇ ಸಲ ಕೇಳುವ ಪದ್ಧತಿ ನಮ್ಮ ಉದ್ಯಮದಲ್ಲಿ ಇಲ್ಲ. ನನಗಿಂತ ಆರು ವರ್ಷ ಕಿರಿಯ ಸಹೋದ್ಯೋಗಿ ಈಗ ಆ ಕುರ್ಚಿಯಲ್ಲಿದ್ದಾರೆ. ವಾರಕ್ಕೊಮ್ಮೆ ನನ್ನ ಲೆಕ್ಕ ಕೇಳುತ್ತಾರೆ. ಮುಜುಗರ ಇಲ್ಲ ಎಂದರೆ ಸುಳ್ಳಾದೀತು.

ಹಾಗಾಗಿ ಅಕ್ಕನ ಮಗನಿಗೆ ನನ್ನ ಉತ್ತರ ಇಷ್ಟು: ಬಾ, ಕೆಲಸ ಒಳ್ಳೆಯದು. ಮೊದಲ ಮೂರು ವರ್ಷ ರೂಟ್ ಬಿಡಬೇಡ. ಸ್ಥಳೀಯ ಭಾಷೆಯನ್ನು ಅಂಗಡಿಯವರಿಂದಲೇ ಕಲಿ. ಐದು ವರ್ಷದೊಳಗೆ ಒಮ್ಮೆ ಕಾರ್ಖಾನೆಯಲ್ಲೋ ಸಾಗಣೆಯಲ್ಲೋ ಕೂತು ಬಾ, ಮಾರಾಟ ಒಂದನ್ನೇ ಬಲ್ಲವನು ಏರಿಯಾ ಮಟ್ಟದಲ್ಲೇ ನಿಲ್ಲುತ್ತಾನೆ. ಬಡ್ತಿ ಎಷ್ಟು ವರ್ಷಕ್ಕೆ ಎಂದು ಕೇಳುವ ಮೊದಲು, ಅದು ಯಾವ ಊರಿಗೆ ಎಂದು ಕೇಳು. ಅಪ್ಪ–ಅಮ್ಮನ ವಯಸ್ಸನ್ನೂ ಆ ಲೆಕ್ಕದಲ್ಲಿ ಹಿಡಿ. ಮೇ ತಿಂಗಳಲ್ಲಿ ಮಾತ್ರ ಮದುವೆ ಇಟ್ಟುಕೊಳ್ಳಬೇಡ. ನಾನೂ ಬರಲಾಗದು, ನೀನೂ ಇರಲಾಗದು.