ಹತ್ತು ಲಕ್ಷ ಗೀಸರಿಗೆ ಎರಡು ಸಾವಿರ ಆಂಪಿಯರ್

ಬಚ್ಚಲುಮನೆಯ ಗೀಸರಿನ ಹೊಟ್ಟೆಗೆ ಅಂಟಿಸಿದ ಚೀಟಿಯನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ಒಮ್ಮೆ ಓದಿ. 230 ವೋಲ್ಟ್, 2000 ವ್ಯಾಟ್ ಎಂದಿರುತ್ತದೆ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ 8.7 ಆಂಪಿಯರ್, ಒಳಗಿನ ಕಾಯಿಲಿನಲ್ಲಿ ಹರಿಯುವ ಕರೆಂಟು ಅಷ್ಟು. ವೋಲ್ಟನ್ನು ಈ 8.7ರಿಂದ ಭಾಗಿಸಿದರೆ ಸುಮಾರು 26 ಓಮ್. ಅದು ಕಾಯಿಲಿನ ರೋಧ. ಎರಡು ಭಾಗಾಕಾರ, ಗೀಸರಿನ ಜಾತಕ ಸಿದ್ಧ.

ಈ ಗೀಸರು ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. 60 ಕಿಲೋ ತೂಕದ ಮನುಷ್ಯನನ್ನು ಸಮುದ್ರಮಟ್ಟದಿಂದ ಮುಳ್ಳಯ್ಯನಗಿರಿಯ ತುದಿಗೆ, 1,930 ಮೀಟರ್ ಮೇಲಕ್ಕೆ, ಒಂದಲ್ಲ ಮೂರು ಸಲ ಎತ್ತಲು ಅಷ್ಟು ಶಕ್ತಿ ಸಾಕು. ಹೋಟೆಲಿನ ಒಂದು ಲೋಟ ಕಾಫಿಗಿಂತ ಕಡಿಮೆ ದುಡ್ಡಿಗೆ ನಾವು ಅದನ್ನು ಕೊಂಡು, ಬೆನ್ನ ಮೇಲೆ ಸುರಿದುಕೊಂಡು, ಮೋರಿಗೆ ಬಿಡುತ್ತೇವೆ.

ಒಂದು ಆಂಪಿಯರ್ ಎಂದರೆ ಸೆಕೆಂಡಿಗೆ 62 ಲಕ್ಷ ಲಕ್ಷ ಕೋಟಿ ಎಲೆಕ್ಟ್ರಾನು. ಅವೆಲ್ಲ ಪವರ್‌ಹೌಸಿನಿಂದ ಹೊರಟು ನಮ್ಮ ಮನೆಗೆ ಓಡಿಬರುತ್ತವೆ ಎಂದು ಬಹಳ ಕಾಲ ನಂಬಿದ್ದೆ. ಬರುವುದಿಲ್ಲ. ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುವ ಕರೆಂಟಿದು. ಗೀಸರಿನ ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನುಗಳ ಓಲಾಟ ಒಂದೆರಡು ಮೈಕ್ರಾನಿನಷ್ಟು, ಕೂದಲೆಳೆಯ ದಪ್ಪದ ಹತ್ತರಲ್ಲೊಂದು ಪಾಲೂ ಇಲ್ಲ. ನಿಂತಲ್ಲೇ ತೂಕಡಿಸುವವರ ಈ ಜಾತ್ರೆಯೇ ನೀರು ಕಾಯಿಸುವುದು.

ಕಾಯಿಲಿನ ರೋಧ ನಮಗೆ ಬೇಕಾದದ್ದು. ಬಿಸಿ ಹುಟ್ಟುವುದೇ ಅದರಿಂದ. ಆದರೆ ಪವರ್‌ಹೌಸಿನಿಂದ ಮನೆಯವರೆಗಿನ ತಂತಿಗೂ ರೋಧ ಇದೆ, ಅಲ್ಲೂ ಬಿಸಿ ಹುಟ್ಟುತ್ತದೆ. ಕಾಯುವುದು ಮಾತ್ರ ಯಾರಿಗೂ ಬೇಡದ ಗಾಳಿ. ಆ ನಷ್ಟದ ಸೂತ್ರ: ಆಂಪಿಯರನ್ನು ಅದರಿಂದಲೇ ಗುಣಿಸಿ, ಮತ್ತೆ ಓಮಿನಿಂದ ಗುಣಿಸುವುದು. ಆಂಪಿಯರ್ ಎರಡು ಸಲ ಬರುತ್ತದೆ ನೋಡಿ, ಹಾವಳಿಯೆಲ್ಲ ಅಲ್ಲೇ.

1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೊರಟಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಗಣಿಗೆ ಬೇಕಿದ್ದದ್ದು ಸುಮಾರು 4,000 ಅಶ್ವಶಕ್ತಿ, ಅಂದರೆ 30 ಲಕ್ಷ ವ್ಯಾಟ್ (ಮೂರು ಮೆಗಾವ್ಯಾಟ್). ಅದನ್ನು ನಮ್ಮ ಮನೆಯ 230 ವೋಲ್ಟಿನಲ್ಲೇ ಕಳಿಸಲು ಹೊರಟಿದ್ದರೆ? (ನಿಜವಾದ ಲೈನು ಮೂರು ಫೇಸಿನದು. ಲೆಕ್ಕ ಸಲೀಸಾಗಲೆಂದು ಒಂದೇ ಜೋಡಿ ತಂತಿ, ಒಟ್ಟು 10 ಓಮ್ ರೋಧ ಎಂದಿಟ್ಟುಕೊಳ್ಳುತ್ತೇನೆ. ಎಂಜಿನಿಯರುಗಳು ಕ್ಷಮಿಸಬೇಕು.) 30 ಲಕ್ಷವನ್ನು 230ರಿಂದ ಭಾಗಿಸಿದರೆ 13 ಸಾವಿರ ಆಂಪಿಯರ್. ಅದರ ವರ್ಗ 16.9 ಕೋಟಿ. ಹತ್ತರಿಂದ ಗುಣಿಸಿದರೆ ದಾರಿಯ ನಷ್ಟ 169 ಕೋಟಿ ವ್ಯಾಟ್!

ಇಂದು ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಎಂಟೂ ಘಟಕ ಪೂರ್ತಿ ಓಡಿದರೆ ಸಿಗುವುದು 172 ಕೋಟಿ ವ್ಯಾಟ್. ಅಂದರೆ ಮೂರು ಮೆಗಾವ್ಯಾಟನ್ನು ಗಣಿಗೆ ಮುಟ್ಟಿಸಲು ಹೆಚ್ಚುಕಡಿಮೆ ಒಂದು ಇಡೀ ರಾಯಚೂರನ್ನು ದಾರಿಯಲ್ಲೇ ಸುಡಬೇಕು. ಕಾಸಿನ ಕೋಳಿಗೆ ಹಣದ ಮಸಾಲೆ ಎನ್ನುವ ಗಾದೆಯೂ ಇಲ್ಲಿ ಸಣ್ಣದಾಯಿತು. ಇದು 560 ಪಟ್ಟು.

ಆ ಲೈನು ಎಳೆದವರು ಹಾಗೆ ಕಳಿಸಲಿಲ್ಲ. ವೋಲ್ಟನ್ನು 30 ಸಾವಿರದ ಆಸುಪಾಸಿಗೆ ಏರಿಸಿದರು. ಅದೇ 30 ಲಕ್ಷ ವ್ಯಾಟಿಗೆ ಈಗ ಬರೀ 100 ಆಂಪಿಯರ್ ಸಾಕು. ನೂರರ ವರ್ಗ ಹತ್ತು ಸಾವಿರ, ಅದನ್ನು ಹತ್ತರಿಂದ ಗುಣಿಸಿದರೆ ಒಂದು ಲಕ್ಷ ವ್ಯಾಟ್. ಮೂವತ್ತರಲ್ಲಿ ಒಂದು ಪಾಲು ನಷ್ಟ. ತಂತಿ ಅದೇ, ದೂರ ಅದೇ. ವೋಲ್ಟ್ ಏರಿದ್ದು 130 ಪಟ್ಟು, ನಷ್ಟ ಇಳಿದದ್ದು 16,900 ಪಟ್ಟು. ಇಷ್ಟು ಲಾಭದ ವ್ಯಾಪಾರ ಆ ಚಿನ್ನದ ಗಣಿಯಲ್ಲೂ ನಡೆದಿರಲಾರದು.

ನೂರು ವರ್ಷದ ಮೇಲೆ ಇದೇ ಲೆಕ್ಕ ಇನ್ನೂ ದೊಡ್ಡದಾಗಿ ಕೋಲಾರಕ್ಕೆ ಮರಳಿತು. ಒಡಿಶಾದ ತಾಲ್ಚೇರಿನಿಂದ 1,300 ಕಿ.ಮೀ.ಗೂ ಮೀರಿದ ಲೈನು 2003ರಲ್ಲಿ ಅಲ್ಲಿಗೆ ಬಂತು. ಇದರಲ್ಲಿ ಹರಿಯುವುದು ತೂಗಾಡದ ನೇರ ಕರೆಂಟು. ಒಂದು ಬದಿ ಧನ 5 ಲಕ್ಷ ವೋಲ್ಟ್, ಇನ್ನೊಂದು ಬದಿ ಋಣ 5 ಲಕ್ಷ. ನಡುವೆ 10 ಲಕ್ಷ. ಶುರುವಿನಲ್ಲಿ ಅದು ಹೊರಬೇಕಿದ್ದದ್ದು 2000 ಮೆಗಾವ್ಯಾಟ್, ನಮ್ಮ ಗೀಸರಿನಂಥ ಹತ್ತು ಲಕ್ಷ ಗೀಸರುಗಳಿಗೆ ಸಾಲುವಷ್ಟು. ಭಾಗಿಸಿ ನೋಡಿ: ತಂತಿಯಲ್ಲಿ 2000 ಆಂಪಿಯರ್, ಅಷ್ಟೇ. ಒಂದು ಗೀಸರಿಗೆ 8.7ರಂತೆ ಹಂಚಿದರೆ 230 ಗೀಸರಿಗೆ ಮುಗಿದುಹೋಗುವ ಕರೆಂಟು. ಬೆಂಗಳೂರಿನ ಒಂದು ಸಾಧಾರಣ ಅಪಾರ್ಟ್‌ಮೆಂಟಿನವರು ಬೆಳಗ್ಗೆ ಏಳಕ್ಕೆ ಒಟ್ಟಿಗೆ ಸ್ವಿಚ್ಚು ಒತ್ತಿದರೆ ಅವರೊಳಗೇ ಅಷ್ಟು ಆಂಪಿಯರ್ ಹರಿಯುತ್ತದೆ. ಉಳಿದ ಒಂಬತ್ತು ಲಕ್ಷ ತೊಂಬತ್ತೊಂಬತ್ತು ಸಾವಿರ ಚಿಲ್ಲರೆ ಬಚ್ಚಲುಗಳ ನೀರು ಕಾಯುವುದು ವೋಲ್ಟಿನ ದಯದಿಂದ.

ಮೊದಲ ಲೈನಿನ ಕರೆಂಟು ಇಳಿಯುತ್ತಿದ್ದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಎರಡನೆಯ ಲೈನಿನ ಕರೆಂಟು ಕೋಲಾರದಲ್ಲಿ ಇಳಿದು ದಕ್ಷಿಣದ ರಾಜ್ಯಗಳಿಗೆ ಹಂಚಿಹೋಗುತ್ತದೆ.