ವೆಬ್‌ಸೈಟಿಗೂ ಮೊದಲು ಪಂಚಾಂಗ ಬೇಕು

ನಾನು ಪಾಠ ಮಾಡುವ ಗುಂಡಗುರ್ತಿಯ ಕಡೆ ಶಹಾಬಾದ್ ಕಲ್ಲು ಹಾಸುವವರು ಮೊದಲು ದಾರ ಕಟ್ಟುತ್ತಾರೆ, ಮಟ್ಟ ನೋಡುತ್ತಾರೆ. ನೀರು ಯಾವ ಕಡೆ ಹರಿಯಬೇಕು ಅಂತ ತೀರ್ಮಾನವಾದ ಮೇಲೆಯೇ ಮೊದಲ ಕಲ್ಲು.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಜಮಾಅತಿನ ಹುಡುಗರು, "ಉಸ್ತಾದರೇ, ಮದ್ರಸಕ್ಕೆ ವೆಬ್‌ಸೈಟ್ ಮಾಡ್ತಿದ್ದೇವೆ, ಬರೆದುಕೊಡಿ" ಎಂದರು. "ಯಾರಿಗೋಸ್ಕರ?" ಎಂದೆ. ಗಲ್ಫ್‌ನ ದಾನಿಗಳಿಗೆ ಎಂದ ಒಬ್ಬ. ಹೆತ್ತವರಿಗೆ ಎಂದ ಇನ್ನೊಬ್ಬ.

ಹಿಂದೆಯೂ ಹೀಗೇ ಅವಸರದಲ್ಲಿ ಒಂದು ಮಾಡಿದ್ದೆವು. ಸಹಾಯ ಪಡೆದ ಮನೆಗಳ ಪಟ್ಟಿ ಅದರಲ್ಲಿತ್ತು, ಫೋಟೊ ಸಹಿತ. ಮಗಳನ್ನು ನೋಡಲು ಬಂದವರು ಮೊಬೈಲಿನಲ್ಲಿ ಅದನ್ನೇ ತೆಗೆದು ತೋರಿಸಿದರೆಂದು ಒಬ್ಬ ಉಮ್ಮ ನನ್ನ ಮುಂದೆ ಅತ್ತಿದ್ದರು. ದಾನ ಗುಟ್ಟಾಗಿರಲಿ ಎಂದು ಮಕ್ಕಳಿಗೆ ಕಲಿಸುವವರು ನಾವೇ! ಕೊನೆಗೆ ವಿಳಾಸ ಯಾರ ಹೆಸರಲ್ಲಿತ್ತೋ ಆ ಹುಡುಗ ವಿದೇಶಕ್ಕೆ ಹೋದ, ವರ್ಷದ ಹಣ ಕಟ್ಟುವವರಿಲ್ಲದೆ ಅದು ನಿಂತೇಹೋಯಿತು.

ವೆಬ್ ಹುಟ್ಟಿದ್ದೂ ಕಾಗದದ ಮೇಲೆಯೇ. 1989ರ ಮಾರ್ಚ್‌ನಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಒಂದು ಪ್ರಸ್ತಾವ ಬರೆದರು. ಜನ ಬಂದು ಹೋಗುತ್ತಿರುವಾಗ ಸಂಸ್ಥೆಯ ಮಾಹಿತಿ ಕಳೆದುಹೋಗುತ್ತಿದೆ ಎಂಬುದು ಅದರಲ್ಲಿದ್ದ ಚಿಂತೆ. ಮೊದಲ ವೆಬ್‌ಸೈಟ್ ಸಿದ್ಧವಾದದ್ದು 1990ರ ಕೊನೆಗೆ.

ನಾವೂ ನೋಟ್‌ಬುಕ್ ಹಿಡಿದು ಕೂತೆವು. ಮೊದಲು ಹೆತ್ತವರಿಗೆ, ದಾನಿಗಳು ಆಮೇಲೆ. ವಿಳಾಸ ಜಮಾಅತಿನ ಹೆಸರಲ್ಲಿ, ಪಾಸ್‌ವರ್ಡ್ ಇಬ್ಬರ ಕೈಯಲ್ಲಿ. ವರ್ಷದ ಖರ್ಚು ಕಮಿಟಿಯ ಲೆಕ್ಕದಲ್ಲಿ. ಪ್ರತೀ ವಾರ ತಿದ್ದುವವ ಯಾರೆಂದು ಈಗಲೇ ಗೊತ್ತಿರಬೇಕು. ಅಕ್ಷರ ಯುನಿಕೋಡ್‌ನಲ್ಲೇ ಇರಲಿ, ಹಳೇ ನುಡಿ ಫಾಂಟಿನ ಬರಹ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದುಂಟು. ಸಹಾಯ ಪಡೆದವರ ಹೆಸರು ಬೇಡವೇ ಬೇಡ. ಮಕ್ಕಳ ಫೋಟೊ ಹೆತ್ತವರನ್ನು ಕೇಳದೆ ಹಾಕುವಂತಿಲ್ಲ. ದತ್ತಾಂಶ ರಕ್ಷಣೆಯ 2023ರ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಎಣಿಸಿ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ.

ಪುಟಗಳನ್ನು ಹಾಳೆಯಲ್ಲಿ ಗೀಚಿ ನಾಲ್ಕು ಮನೆಗೆ ತೋರಿಸಿದೆವು. ಹಿಂದೆ ಅತ್ತಿದ್ದ ಆ ಉಮ್ಮ ಎರಡು ಸಲ ತಿರುಗಿಸಿ ನೋಡಿ, "ಜೋರು ಮಳೆ ಬಂದ ದಿವಸ ಮದ್ರಸಕ್ಕೆ ರಜೆ ಉಂಟಾ ಇಲ್ಲವಾ ಅಂತ ಇದರಲ್ಲಿ ಗೊತ್ತಾಗ್ತದಾ?" ಎಂದು ಕೇಳಿದರು.

ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಈಗ ಹಾಳೆಯ ಮೊದಲ ಸಾಲೇ ಅದು. ಕಟ್ಟುವ ಕೆಲಸ ಇನ್ನು ಶುರುವಾಗಬೇಕಷ್ಟೆ.